ಫೆಲನಿ ಕೇಸ್ ಆದ ಮೇಲೆ ಅಮೆರಿಕದಲ್ಲಿ ಮತ್ತೆ ವೋಟು: ಮೊದಲು ಆ ಹಳೇ ಕೋರ್ಟ್ ಕಾಗದ ಹುಡುಕಿ

ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿ ನಮಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. 2024ರ ಚುನಾವಣೆಗೆ ಇನ್ನೆರಡು ತಿಂಗಳಿರುವಾಗ ಫೋನ್ ಮಾಡಿದರು. ಮೊದಲು ಸಾರಿನ ಪುಡಿ ವಿಷಯ, ಆಮೇಲೆ ಊರಿನ ಮಳೆ ವಿಷಯ. ಕೊನೆಗೆ ದನಿ ತಗ್ಗಿಸಿ ಕೇಳಿದರು: "ನಮ್ಮ ಹುಡುಗನಿಗೆ ಹತ್ತು ವರ್ಷದ ಹಿಂದೆ ಒಂದು ಕೇಸ್ ಆಗಿತ್ತಲ್ಲಪ್ಪ. ಅವನು ಇನ್ನು ಯಾವತ್ತೂ ವೋಟು ಹಾಕೋ ಹಾಗಿಲ್ವಾ?"

ಹುಡುಗ ಇಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಕಾಲೇಜಿನಲ್ಲಿದ್ದಾಗ ಅವನ ಕಾರಿನಲ್ಲಿ ಗಾಂಜಾ ಸಿಕ್ಕಿತ್ತು. ಫ್ಲೋರಿಡಾದಲ್ಲಿ 20 ಗ್ರಾಂ ದಾಟಿದರೆ ಅದು ಫೆಲನಿ, ಅಂದರೆ ದೊಡ್ಡ ಅಪರಾಧ. ವಕೀಲರು, ಕೋರ್ಟು, ಒಂದೂವರೆ ವರ್ಷ ಪ್ರೊಬೇಷನ್, ಎಲ್ಲ ಮುಗಿದಿತ್ತು. ಮನೆಯಲ್ಲಿ ಆ ಮಾತು ಎತ್ತುವುದೇ ನಿಂತುಹೋಗಿತ್ತು. ಹಾಗೇ 2016 ಹೋಯಿತು, 2020 ಹೋಯಿತು. ಅವನು ವೋಟು ಹಾಕಲಿಲ್ಲ. ಯಾರೂ ಕೇಳಲೂ ಇಲ್ಲ.

ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಸಂಜೆ ಕೂತಿದ್ದೆವು. ಆಗ ಕಲಿತದ್ದು, ಆಮೇಲೆ ಇನ್ನೂ ಕೆಲವರ ಜೊತೆ ಕೂತು ಕಲಿತದ್ದು, ಎರಡನ್ನೂ ಸೇರಿಸಿ ಬರೆದಿದ್ದೇನೆ. ನಾನು ವಕೀಲ ಅಲ್ಲ. ನಿಮ್ಮ ಕೇಸಿಗೆ ಕೊನೇ ಮಾತು ವಕೀಲರದ್ದು ಅಥವಾ ಚುನಾವಣಾ ಕಚೇರಿಯದ್ದು. ಆದರೆ ಅವರ ಬಳಿ ಹೋಗುವ ಮೊದಲು ಏನು ಗೊತ್ತಿರಬೇಕು, ಯಾವ ಕಾಗದ ಕೈಯಲ್ಲಿರಬೇಕು ಅನ್ನುವುದನ್ನು ಹೇಳಬಲ್ಲೆ.

ಊರಿನ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮವರು ಎಡವುವುದು ಮೊದಲು ಇಲ್ಲೇ. ಭಾರತದಲ್ಲಿ ನಿಯಮ ಒಂದೇ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಜೈಲಿನಲ್ಲಿರುವವರು, ಪೊಲೀಸ್ ಕಸ್ಟಡಿಯಲ್ಲಿರುವವರು ವೋಟು ಹಾಕುವಂತಿಲ್ಲ. ಮುನ್ನೆಚ್ಚರಿಕೆಯಾಗಿ ಬಂಧಿಸಿಟ್ಟವರಿಗೆ ಮಾತ್ರ ಅಂಚೆ ಮತ ಇದೆ. ವಿಚಾರಣೆ ನಡೆಯುತ್ತಿರುವ, ಇನ್ನೂ ತಪ್ಪಿತಸ್ಥ ಎಂದು ಸಾಬೀತಾಗದ ಕೈದಿಗೂ ವೋಟಿಲ್ಲ. ಆದರೆ ಹೊರಗೆ ಬಂದ ದಿನ, ಜಾಮೀನಿನ ಮೇಲೆ ಬಂದರೂ ಸರಿ, ಪಟ್ಟಿಯಲ್ಲಿ ಹೆಸರಿದ್ದರೆ ಹೋಗಿ ಬಟನ್ ಒತ್ತಬಹುದು. ಚುನಾವಣೆಗೇ ಸಂಬಂಧಿಸಿದ ಕೆಲವು ಅಪರಾಧಗಳನ್ನು ಬಿಟ್ಟರೆ ಹಳೇ ಶಿಕ್ಷೆ ಬೆನ್ನಿಗೆ ಅಂಟಿಕೊಳ್ಳುವುದಿಲ್ಲ.

ಅಮೆರಿಕದಲ್ಲಿ ಇದು ಹೆಚ್ಚುಕಡಿಮೆ ತಲೆಕೆಳಗು. ವಿಚಾರಣೆಗಾಗಿ ಜೈಲಿನಲ್ಲಿ ಕಾಯುತ್ತಿರುವವರಿಗೆ ವೋಟಿನ ಹಕ್ಕು ಇರುತ್ತದೆ. ಶಿಕಾಗೋದ ಕುಕ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಜೈಲಿನೊಳಗೆ 2020ರಿಂದ ಮತಗಟ್ಟೆಯನ್ನೇ ಇಟ್ಟಿದ್ದಾರೆ. ಆದರೆ ಫೆಲನಿ ಸಾಬೀತಾಯಿತೋ, ಹೊರಗೆ ಬಂದು ವರ್ಷಗಟ್ಟಲೆ ಆದರೂ ಕೆಲವು ರಾಜ್ಯಗಳಲ್ಲಿ ವೋಟಿಲ್ಲ. ಹಾಗೆ ಮತದ ಹಕ್ಕು ಇಲ್ಲದ ಪ್ರಜೆಗಳು ಸುಮಾರು 40 ಲಕ್ಷ ಎಂದು ಸೆಂಟೆನ್ಸಿಂಗ್ ಪ್ರಾಜೆಕ್ಟ್ ಎಂಬ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತ್ತು. ಇಡೀ ದೇಶಕ್ಕೆ ಒಂದು ಕಾನೂನು ಇಲ್ಲ. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇದು ಆಯಾ ರಾಜ್ಯಕ್ಕೆ ಬಿಟ್ಟಿದ್ದು ಎಂದು ಹೇಳಿಬಿಟ್ಟಿತು. ಹಾಗಾಗಿ 50 ರಾಜ್ಯಕ್ಕೆ 50 ನಮೂನೆ.

ಪದಗಳ ಗೊಂದಲವೂ ಇದೆ. ನಮ್ಮಲ್ಲಿ ಪೆರೋಲ್ ಅಂದರೆ ಮಗಳ ಮದುವೆಗೋ ತಂದೆಯ ತಿಥಿಗೋ ನಾಲ್ಕು ದಿನ ಹೊರಗೆ ಬಿಡುವುದು. ಇಲ್ಲಿ ಪರೋಲ್ ಅಂದರೆ ಶಿಕ್ಷೆಯ ಉಳಿದ ಭಾಗವನ್ನು ಹೊರಗೆ, ಅಧಿಕಾರಿಯ ಕಣ್ಗಾವಲಿನಲ್ಲಿ ಕಳೆಯುವುದು. ಪ್ರೊಬೇಷನ್ ಅಂದರೆ ಜೈಲಿಗೆ ಬದಲಾಗಿ ಆ ಕಣ್ಗಾವಲು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೇಸುಗಳಲ್ಲಿ ಜೈಲು ಮುಗಿದ ಮೇಲಿನ ಕಣ್ಗಾವಲಿಗೆ ಸೂಪರ್‌ವೈಸ್ಡ್ ರಿಲೀಸ್ ಅನ್ನುತ್ತಾರೆ. ಇವು ಮೂರೂ ಶಿಕ್ಷೆಯ ಭಾಗವೇ. "ಮನೆಯಲ್ಲೇ ಇದ್ದೀನಲ್ಲ, ಶಿಕ್ಷೆ ಮುಗೀತು" ಅಂದುಕೊಂಡು ವೋಟು ಹಾಕಿ ಸಿಕ್ಕಿಬಿದ್ದವರಿದ್ದಾರೆ. ಅದನ್ನು ಮುಂದೆ ಹೇಳುತ್ತೇನೆ.

ಎಲ್ಲಕ್ಕೂ ಮೊದಲು: ನೀವು ಪ್ರಜೆಯಾ?

ಈ ಪ್ರಶ್ನೆಗೆ ಉತ್ತರ "ಇಲ್ಲ" ಅಂತಾದರೆ ಮುಂದಿನದು ನಿಮಗಲ್ಲ. ಗ್ರೀನ್ ಕಾರ್ಡ್ ಇದ್ದರೂ ಎಚ್-1ಬಿ ಇದ್ದರೂ ಫೆಡರಲ್ ಚುನಾವಣೆಯಲ್ಲಿ ವೋಟು ಹಾಕುವುದು ಅಪರಾಧ. ದೇಶದಿಂದ ಹೊರಗೆ ಕಳಿಸುವುದಕ್ಕೂ ಅದೇ ಕಾರಣ ಸಾಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ ಕೌಂಟರಿನಲ್ಲಿರುವವರು "ಮತದಾರರ ಪಟ್ಟಿಗೂ ಸೇರಿಸಲಾ?" ಎಂದು ಕೇಳುತ್ತಾರೆ. 1993ರ ಕಾನೂನಿನ ಪ್ರಕಾರ ಅದು ಅವರ ಕೆಲಸ. ನಮ್ಮ ಅಪ್ಪ-ಅಮ್ಮಂದಿರು ಅರ್ಥವಾಗದೆ ತಲೆ ಆಡಿಸಿಬಿಡುತ್ತಾರೆ. ಹಾಗೆ ಆಗಿದ್ದರೆ ಪೌರತ್ವದ ಅರ್ಜಿ ಹಾಕುವ ಮೊದಲೇ ಇಮಿಗ್ರೇಷನ್ ವಕೀಲರನ್ನು ನೋಡಿ. ಎಂದಾದರೂ ಹೆಸರು ನೋಂದಾಯಿಸಿದ್ದಿರಾ, ವೋಟು ಹಾಕಿದ್ದಿರಾ ಎಂದು ಆ ಅರ್ಜಿಯಲ್ಲೇ ಕೇಳುತ್ತಾರೆ.

ಒಂದನೇ ಹೆಜ್ಜೆ: ಕಾಗದದಲ್ಲಿ ಏನಿದೆ ನೋಡಿ

ನೆನಪಿನ ಮೇಲೆ ಹೋಗಬೇಡಿ. ಹತ್ತು ವರ್ಷದ ಹಿಂದೆ ಕೋರ್ಟಿನಲ್ಲಿ ನಿಂತಾಗ ಕಿವಿಗೆ ಏನೂ ಬೀಳುವುದಿಲ್ಲ, ಬಿದ್ದರೂ ನೆನಪಿರುವುದಿಲ್ಲ. ಬೇಕಾಗಿರುವುದು ತೀರ್ಪು ಮತ್ತು ಶಿಕ್ಷೆಯ ಆದೇಶ. ಅದನ್ನು ಶಿಕ್ಷೆ ಆದ ಕೌಂಟಿಯ ಕ್ಲರ್ಕ್ ಆಫ್ ಕೋರ್ಟ್ ಕೊಡುತ್ತಾರೆ. ಕ್ಲರ್ಕ್ ಅಂದರೆ ನಮ್ಮ ಊರಿನ ಕಚೇರಿಯ ಗುಮಾಸ್ತ ಎಂದುಕೊಳ್ಳಬೇಡಿ. ಫ್ಲೋರಿಡಾದಲ್ಲಿ ಅದು ಜನರೇ ಆರಿಸುವ ಹುದ್ದೆ. ಬಹಳಷ್ಟು ಕೌಂಟಿಗಳಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸಿನ ಪುಟ ಅಂತರ್ಜಾಲದಲ್ಲೇ ಸಿಗುತ್ತದೆ. ಫೆಡರಲ್ ಕೇಸಾದರೆ ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಕೇಳಬೇಕು.

ಕಾಗದ ಸಿಕ್ಕಿದ ಮೇಲೆ ಮೂರು ವಿಷಯ ನೋಡಿ. ಅದು ಫೆಲನಿಯಾ, ಮಿಸ್‌ಡಿಮೀನರಾ? ಫೆಲನಿ ಅಂದರೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಕೊಡಬಹುದಾದ ಅಪರಾಧ. ಕೊಟ್ಟರು ಅಂತಲ್ಲ, ಕೊಡಬಹುದಾದ. ಅದಕ್ಕಿಂತ ಸಣ್ಣದು ಮಿಸ್‌ಡಿಮೀನರ್. ಹೊರಗಿರುವವರಿಗೆ ಅದರಿಂದ ವೋಟು ಹೋಗುವುದು ತೀರಾ ಅಪರೂಪ. ಎರಡನೆಯದು, ಬರೀ ಅರೆಸ್ಟ್ ಆಗಿ ಕೇಸ್ ಬಿದ್ದುಹೋಗಿತ್ತಾ? ಹಾಗಾದರೆ ಏನೂ ಹೋಗಿಲ್ಲ. ಮೂರನೆಯದು, ಜಡ್ಜ್ ಕೊನೆಗೆ ಏನು ಬರೆದಿದ್ದಾರೆ?

ಅಕ್ಕನ ಮನೆಯಲ್ಲಿ ನಾವು ನಿಂತದ್ದು ಈ ಮೂರನೇ ಪ್ರಶ್ನೆಯ ಮುಂದೆ. ಕೌಂಟಿಯ ಪುಟದಲ್ಲಿ ಮಗನ ಹೆಸರು, ಕೇಸಿನ ನಂಬರು, ಅದರ ಕೆಳಗೆ ಒಂದು ಸಾಲು: ಅಡ್ಜುಡಿಕೇಷನ್ ವಿತ್‌ಹೆಲ್ಡ್. ಅಂದರೆ ಅವನು ಪ್ರೊಬೇಷನ್ ಮುಗಿಸಬೇಕಿತ್ತು ನಿಜ, ಆದರೆ ಜಡ್ಜ್ ಅವನನ್ನು "ಅಪರಾಧಿ" ಎಂದು ಘೋಷಿಸದೆ ತಡೆಹಿಡಿದಿದ್ದರು. ಫ್ಲೋರಿಡಾದಲ್ಲಿ ಹೀಗಾದರೆ ಮತದ ಹಕ್ಕು ಹೋಗುವುದೇ ಇಲ್ಲ. ಟೆಕ್ಸಸ್‌ನಲ್ಲಿ ಇದಕ್ಕೆ ಹತ್ತಿರದ್ದು ಡಿಫರ್ಡ್ ಅಡ್ಜುಡಿಕೇಷನ್. ಅಲ್ಲೂ ಹೋಗುವುದಿಲ್ಲ.

ಹುಡುಗ ಆ ಸಾಲನ್ನು ಎರಡು ಸಲ ಓದಿದ. "ಅಂದ್ರೆ ನಾನು ಎರಡು ಎಲೆಕ್ಷನ್ ಸುಮ್ನೆ ಬಿಟ್ನಾ?" ಅಂದ. ಅಕ್ಕ ಏನೂ ಹೇಳದೆ ಒಳಗೆ ಹೋಗಿ ಕಾಫಿ ಇಟ್ಟರು.

ಗ್ರೀನ್ ಕಾರ್ಡಿನವರು ಇಲ್ಲಿ ಒಂದು ಮಾತು ನೆನಪಿಡಿ. ವೋಟಿನ ಲೆಕ್ಕಕ್ಕೆ ಇದು ಶಿಕ್ಷೆ ಅಲ್ಲ. ಇಮಿಗ್ರೇಷನ್ ಕಾನೂನಿನ ಲೆಕ್ಕಕ್ಕೆ ಇದೇ ಕಾಗದ ಶಿಕ್ಷೆ ಅಂತಲೇ ಎಣಿಕೆ ಆಗಬಹುದು. ಒಂದೇ ಸಾಲು, ಎರಡು ಕಾನೂನು, ಎರಡು ಅರ್ಥ.

ಎರಡನೇ ಹೆಜ್ಜೆ: ಎಲ್ಲಿ ಶಿಕ್ಷೆ ಆಯಿತು, ಈಗ ಎಲ್ಲಿದ್ದೀರಿ

ನಿಜವಾಗಿಯೂ ಫೆಲನಿ ಶಿಕ್ಷೆ ಆಗಿದೆ ಅಂತಿಟ್ಟುಕೊಳ್ಳಿ. ಈಗ ರಾಜ್ಯ ನೋಡಬೇಕು. ದೊಡ್ಡದಾಗಿ ನಾಲ್ಕು ಗುಂಪು ಮಾಡಿಕೊಂಡರೆ ತಲೆಗೆ ಹತ್ತುತ್ತದೆ.

ಮೇನ್, ವರ್ಮಾಂಟ್ ಮತ್ತು ವಾಷಿಂಗ್ಟನ್ ಡಿ.ಸಿ. ಇಲ್ಲಿ ವೋಟು ಹೋಗುವುದೇ ಇಲ್ಲ. ಜೈಲಿನೊಳಗಿಂದಲೂ ಹಾಕಬಹುದು.

ಎರಡನೇ ಗುಂಪಿನಲ್ಲಿ ಒಳಗಿರುವಷ್ಟು ದಿನ ಮಾತ್ರ ಇಲ್ಲ, ಹೊರಗೆ ಕಾಲಿಟ್ಟ ಮೇಲೆ ಪರೋಲ್ ಇದ್ದರೂ ಹಾಕಬಹುದು. ಇಂಥ ರಾಜ್ಯಗಳು 20ಕ್ಕೂ ಜಾಸ್ತಿ. ಕನ್ನಡಿಗರು ಹೆಚ್ಚಾಗಿರುವ ಜಾಗಗಳೇ ಇಲ್ಲಿ ಬಹಳ: ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ರಾಜ್ಯ. ಇವುಗಳಲ್ಲಿ ಕೆಲವು ಇತ್ತೀಚೆಗೆ ಬದಲಾದವು. ಕ್ಯಾಲಿಫೋರ್ನಿಯಾ 2020ರಲ್ಲಿ ಜನಮತದ ಮೂಲಕ, ನ್ಯೂಯಾರ್ಕ್ 2021ರಲ್ಲಿ, ಮಿನೆಸೋಟ 2023ರಲ್ಲಿ. 2015ರಲ್ಲಿ "ನಿನಗೆ ವೋಟಿಲ್ಲ" ಎಂದು ಯಾರೋ ಹೇಳಿದ್ದು ಆಗ ಸರಿಯೇ ಇದ್ದಿರಬಹುದು. ಈಗ ಅದು ಹಳಸಿದ ಮಾತು.

ಮೂರನೆಯದು, ಇಡೀ ಶಿಕ್ಷೆ ಮುಗಿಯಬೇಕು, ಪರೋಲ್ ಪ್ರೊಬೇಷನ್ ಸೇರಿ. ಟೆಕ್ಸಸ್, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾ, ವಿಸ್ಕಾನ್ಸಿನ್, ಮಿಸೌರಿ ಹೀಗೆ. ನೆಬ್ರಾಸ್ಕದಲ್ಲಿ ಶಿಕ್ಷೆ ಮುಗಿದ ಮೇಲೂ ಎರಡು ವರ್ಷ ಕಾಯಬೇಕಿತ್ತು. 2024ರಲ್ಲಿ ಆ ಕಾಯುವಿಕೆ ತೆಗೆದರು, ಅದರ ಮೇಲೆ ಜಗಳ ನಡೆದು ಅಕ್ಟೋಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೊಸ ಕಾನೂನನ್ನು ಎತ್ತಿಹಿಡಿಯಿತು. ಚುನಾವಣೆಗೆ ಮೂರು ವಾರ ಇತ್ತು ಅಷ್ಟೇ.

ನಾಲ್ಕನೆಯದು ತಲೆನೋವಿನ ಗುಂಪು. ಶಿಕ್ಷೆ ಮುಗಿದರೂ ಇನ್ನೇನೋ ಬೇಕು. ದುಡ್ಡು ಕಟ್ಟಬೇಕು, ಅರ್ಜಿ ಹಾಕಬೇಕು, ಇಲ್ಲಾ ಗವರ್ನರ್ ಮನಸ್ಸು ಮಾಡಬೇಕು. ಫ್ಲೋರಿಡಾ, ಅಲಬಾಮ, ಟೆನೆಸೀ, ಮಿಸಿಸಿಪ್ಪಿ, ವರ್ಜೀನಿಯಾ, ಕೆಂಟಕಿ, ಅರಿಜೋನಾ ಇಲ್ಲಿಗೆ ಬರುತ್ತವೆ.

ಒಂದು ರಾಜ್ಯದಲ್ಲಿ ಶಿಕ್ಷೆ, ಇನ್ನೊಂದರಲ್ಲಿ ಮನೆ ಅಂತಾದರೆ? ಇದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆಯೇ ಇದೆ. ಡೊನಾಲ್ಡ್ ಟ್ರಂಪ್ ಮೇಲೆ 2024ರ ಮೇ 30ರಂದು ನ್ಯೂಯಾರ್ಕಿನಲ್ಲಿ 34 ಫೆಲನಿ ಆರೋಪ ಸಾಬೀತಾಯಿತು. ಅದೇ ನವೆಂಬರ್ 5ಕ್ಕೆ ಅವರು ಫ್ಲೋರಿಡಾದ ಪಾಮ್ ಬೀಚ್‌ನಲ್ಲಿ ವೋಟು ಹಾಕಿ ಬಂದರು. ಹೇಗೆ? ಹೊರರಾಜ್ಯದ ಶಿಕ್ಷೆಯಾದರೆ ಆ ರಾಜ್ಯದ ನಿಯಮವನ್ನೇ ಫ್ಲೋರಿಡಾ ಒಪ್ಪುತ್ತದೆ. ನ್ಯೂಯಾರ್ಕ್ ನಿಯಮ ಏನು ಹೇಳುತ್ತದೆ? ಒಳಗಿಲ್ಲದಿದ್ದರೆ ವೋಟು ಹಾಕಬಹುದು. ಅಷ್ಟೇ. ಅದೇ ಪಾಮ್ ಬೀಚ್‌ನಲ್ಲಿ, ಫ್ಲೋರಿಡಾ ಕೋರ್ಟಿನಲ್ಲೇ ಒಂದೇ ಒಂದು ಫೆಲನಿ ಆಗಿ, ಜೈಲು-ಪ್ರೊಬೇಷನ್ ಎಲ್ಲ ಮುಗಿಸಿ, ಕೋರ್ಟ್ ಫೀ 300 ಡಾಲರ್ ಬಾಕಿ ಉಳಿಸಿಕೊಂಡವರು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ.

ಎಲ್ಲ ರಾಜ್ಯವೂ ಫ್ಲೋರಿಡಾದ ಹಾಗೆ ಹೊರರಾಜ್ಯದ ನಿಯಮ ನೋಡುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ನಿಮ್ಮ ಶಿಕ್ಷೆ ಎಲ್ಲಿ ಆಯಿತು ಅನ್ನುವ ಚಿಂತೆ ಇಲ್ಲ, ಸೆರೆಮನೆಯಲ್ಲಿ ಇಲ್ಲ ಅಂದರೆ ಸಾಕು. ಹಾಗಾಗಿ ಮನೆ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋದಾಗ ಈ ಹೆಜ್ಜೆಗೆ ವಾಪಸ್ ಬನ್ನಿ.

ಮೂರನೇ ಹೆಜ್ಜೆ: ಏನು ಬಾಕಿ ಇದೆ?

ಫ್ಲೋರಿಡಾ ನಾನಿರುವ ರಾಜ್ಯ, ಅದನ್ನೇ ಬಿಡಿಸಿ ಹೇಳುತ್ತೇನೆ.

2018ರ ನವೆಂಬರಿನಲ್ಲಿ ಇಲ್ಲಿನ ಜನ ರಾಜ್ಯದ ಸಂವಿಧಾನ ಬದಲಿಸುವ "ನಾಲ್ಕನೇ ತಿದ್ದುಪಡಿ" ಎಂಬ ಪ್ರಸ್ತಾವದ ಪರವಾಗಿ ವೋಟು ಹಾಕಿದರು. ಗೆಲ್ಲಲು ಶೇಕಡ 60 ಬೇಕಿತ್ತು, 64ರ ಮೇಲೆ ಬಂತು. ಕೊಲೆ ಮತ್ತು ಲೈಂಗಿಕ ಅಪರಾಧದ ಫೆಲನಿ ಬಿಟ್ಟು ಉಳಿದವರಿಗೆ, ಶಿಕ್ಷೆಯ ಎಲ್ಲ ಷರತ್ತು ಮುಗಿದ ಮೇಲೆ ಹಕ್ಕು ತಾನಾಗಿ ವಾಪಸ್. ಸುಮಾರು 14 ಲಕ್ಷ ಜನರಿಗೆ ಅನುಕೂಲ ಆಗುತ್ತದೆ ಎಂದು ಆಗ ಲೆಕ್ಕ ಹಾಕಿದ್ದರು. ಅದರ ಮುಂಚೂಣಿಯಲ್ಲಿದ್ದ ಡೆಸ್ಮಂಡ್ ಮೀಡ್ ತಾವೇ ಜೈಲು ನೋಡಿ ಬಂದು, ಆಮೇಲೆ ಕಾನೂನು ಓದಿದವರು. ಆದರೆ 2019ರಲ್ಲಿ ಶಾಸಕರು ಒಂದು ಕಾನೂನು ತಂದರು: "ಎಲ್ಲ ಷರತ್ತು" ಅಂದರೆ ದುಡ್ಡೂ ಸೇರಿ. ದಂಡ, ಕೋರ್ಟ್ ಫೀ, ನಷ್ಟವಾದವರಿಗೆ ಕೊಡಬೇಕಾದ ಪರಿಹಾರ, ಎಲ್ಲ. 2020ರ ಸೆಪ್ಟೆಂಬರಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಿತು. ನನ್ನನ್ನು ಕೇಳಿದರೆ ಜನ ಬಾಗಿಲು ತೆಗೆದರು, ಸರ್ಕಾರ ಹೊಸ್ತಿಲಲ್ಲಿ ಟೋಲ್ ಇಟ್ಟಿತು.

ಟೋಲ್ ಎಷ್ಟು ಅಂತ ತಿಳಿಯುವುದೇ ದೊಡ್ಡ ಕೆಲಸ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಶೂ ಡಬ್ಬಿಯಲ್ಲಿ ರಸೀದಿ ತುಂಬಿಕೊಂಡು ಬಂದಿದ್ದರು. ಅವರ ಶಿಕ್ಷೆಯ ಆದೇಶದಲ್ಲಿ ಇದ್ದದ್ದು ಹೀಗೆ: ಫೆಲನಿ ಕೇಸಿನ ಕೋರ್ಟ್ ಖರ್ಚು 225 ಡಾಲರ್, ಅಪರಾಧಕ್ಕೆ ತುತ್ತಾದವರ ನಿಧಿಗೆ 50, ಸರ್ಕಾರಿ ವಕೀಲರ ಖರ್ಚಿಗೆ 100, ತಮ್ಮ ಪರ ವಾದಿಸಲು ಸರ್ಕಾರ ಕೊಟ್ಟ ವಕೀಲರಿಗಾಗಿ ಅರ್ಜಿ ಹಾಕಿದ್ದಕ್ಕೆ 50, ಆ ವಕೀಲರ ಫೀ 100. ಒಟ್ಟು 525. ಬಡವ ಅಂತ ವಕೀಲರನ್ನು ಕೊಟ್ಟು, ಬಡವ ಅಂತ ಅರ್ಜಿ ಹಾಕಿದ್ದಕ್ಕೂ ಫೀ! ಇವರ ಕೈಗೆ ಬಂದಿದ್ದ ಬಿಲ್ ಮಾತ್ರ 735 ಡಾಲರ್. ಬಾಕಿಯನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಿದರೆ ಅದು ಶೇಕಡ 40ರವರೆಗೆ ಮೇಲೆ ಸೇರಿಸಬಹುದು. ಹಾಗೆ ಸೇರಿದ್ದು 210.

ವೋಟಿನ ಲೆಕ್ಕಕ್ಕೆ ಎಷ್ಟು ಬೇಕು? 525 ಮಾತ್ರ. ಶಿಕ್ಷೆ ಕೊಟ್ಟ ದಿನ ಆದೇಶದಲ್ಲಿ ಬರೆದದ್ದಷ್ಟೇ ಲೆಕ್ಕ. ಆಮೇಲೆ ಬೆಳೆದ ಬಡ್ಡಿ, ತಡ ಮಾಡಿದ್ದಕ್ಕೆ ಹಾಕಿದ ಫೀ, ಏಜೆನ್ಸಿಯ ಪಾಲು ಯಾವುದೂ ವೋಟಿಗೆ ಅಡ್ಡ ಬರುವುದಿಲ್ಲ. ಸಾಲ ಸಾಲವೇ, ಆದರೆ ವೋಟಿಗೂ ಅದಕ್ಕೂ ಸಂಬಂಧ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಇನ್ನೊಂದು ಕಡೆ, ಬಾಕಿಯನ್ನು ಕೋರ್ಟ್ ಸಿವಿಲ್ ಸಾಲವಾಗಿ ಬದಲಾಯಿಸಿದೆ ಅಂದಮಾತ್ರಕ್ಕೆ ತೀರಿತು ಅಂತಲ್ಲ. ಅದು ಇನ್ನೂ ಬಾಕಿಯೇ.

ಕಟ್ಟುವ ಶಕ್ತಿ ಇಲ್ಲದಿದ್ದರೆ ದಾರಿ ಇದೆ. ಅದೇ ಕೋರ್ಟಿಗೆ ಅರ್ಜಿ ಹಾಕಿ ಮೊತ್ತವನ್ನು ಸಮಾಜಸೇವೆಯ ಗಂಟೆಗಳಾಗಿ ಬದಲಾಯಿಸಿ ಎಂದು ಕೇಳಬಹುದು. ಹಣ ಪಡೆಯಬೇಕಾದವರು ಒಪ್ಪಿದರೆ ಜಡ್ಜ್ ಮನ್ನಾ ಕೂಡ ಮಾಡಬಹುದು. ಫ್ಲೋರಿಡಾ ರೈಟ್ಸ್ ರಿಸ್ಟೊರೇಷನ್ ಕೊಲಿಷನ್ ಎಂಬ ಸಂಘಟನೆ, ಡೆಸ್ಮಂಡ್ ಮೀಡ್ ಅವರದ್ದು, ದಂಡ ಕಟ್ಟಲು ನೆರವು ಕೊಟ್ಟಿದೆ. ಕಟ್ಟುವಾಗ ಒಂದು ಎಚ್ಚರ: ಏಜೆನ್ಸಿಗೆ ಕಟ್ಟಿದರೆ ಅದರಲ್ಲಿ ಎಷ್ಟು ಅಸಲಿಗೆ ಹೋಯಿತು ಎಂದು ಕ್ಲರ್ಕ್ ಕಚೇರಿಯಲ್ಲಿ ಕೇಳಿ, ಬರೆಸಿಕೊಳ್ಳಿ. ಆ ಸಹೋದ್ಯೋಗಿ ಕಿಟಕಿಯಲ್ಲಿ ನಿಂತು ಕೇಳಿದ್ದಕ್ಕೇ ಗೊತ್ತಾಗಿದ್ದು, ಅವರು ಅಲ್ಲಿವರೆಗೆ ಕಟ್ಟಿದ್ದರಲ್ಲಿ ಒಂದು ಭಾಗ ಅಸಲಿಗೆ ಮುಟ್ಟಿಯೇ ಇರಲಿಲ್ಲ.

ಕೊಲೆ ಅಥವಾ ಲೈಂಗಿಕ ಅಪರಾಧದ ಶಿಕ್ಷೆ ಇದ್ದರೆ ಈ ದಾರಿ ಮುಚ್ಚಿದೆ. ಗವರ್ನರ್ ಮತ್ತು ಸಂಪುಟದ ಮುಂದೆ ಕ್ಷಮಾದಾನದ ಅರ್ಜಿ ಹಾಕುವುದೊಂದೇ ಉಳಿದಿರುವುದು. ವರ್ಷಗಟ್ಟಲೆ ಹಿಡಿಯುತ್ತದೆ.

ಅರ್ಜಿ ಹಾಕಲೇಬೇಕಾದ ರಾಜ್ಯಗಳು

ಉಳಿದ ರಾಜ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ.

ಅಲಬಾಮದಲ್ಲಿ ಎಲ್ಲ ಫೆಲನಿಗೂ ವೋಟು ಹೋಗುವುದಿಲ್ಲ. "ನೈತಿಕ ಅಧಃಪತನದ" ಅಪರಾಧ ಯಾವುದು ಎಂದು 2017ರಲ್ಲಿ ಪಟ್ಟಿ ಮಾಡಿದರು. ನಿಮ್ಮದು ಪಟ್ಟಿಯಲ್ಲಿ ಇಲ್ಲದಿದ್ದರೆ ಹಕ್ಕು ಹೋಗಿಯೇ ಇಲ್ಲ. ಇದ್ದರೆ ಪರೋಲ್ ಮಂಡಳಿಯಿಂದ ಅರ್ಹತಾ ಪ್ರಮಾಣಪತ್ರ ತರಬೇಕು, ಅದಕ್ಕೂ ದುಡ್ಡು ತೀರಿರಬೇಕು. ಕೆಲವು ಅಪರಾಧಕ್ಕೆ ಕ್ಷಮಾದಾನವೇ ಬೇಕು.

ಮಿಸಿಸಿಪ್ಪಿಯ ಪಟ್ಟಿ 1890ರ ಸಂವಿಧಾನದ್ದು. ಕರಿಯರನ್ನು ಹೊರಗಿಡಲು ಮಾಡಿದ್ದು ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡೇ ಮಾಡಿದ್ದು. ಲಂಚ, ಕಳ್ಳತನ, ಖೋಟಾ ಸಹಿ, ಒಂದು ಮದುವೆ ಇರುವಾಗಲೇ ಇನ್ನೊಂದು ಮದುವೆ ಎಲ್ಲ ಅದರಲ್ಲಿದೆ. ಕೊಲೆ ಮತ್ತು ಅತ್ಯಾಚಾರ ಸೇರಿದ್ದು 1968ರಲ್ಲಿ! ಡ್ರಗ್ಸ್ ಮಾರಾಟ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವವರಿಗೆ ಗವರ್ನರ್ ಕ್ಷಮಾದಾನ ಕೊಡಬೇಕು, ಇಲ್ಲವಾದರೆ ಶಾಸನಸಭೆ ಅವರೊಬ್ಬರ ಹೆಸರಿನಲ್ಲೇ ಮಸೂದೆ ತಂದು ಮೂರನೇ ಎರಡು ಬಹುಮತದಲ್ಲಿ ಪಾಸು ಮಾಡಬೇಕು. ಆದ್ದರಿಂದ ಅಲ್ಲಿನವರು ಮೊದಲು ತಮ್ಮ ಅಪರಾಧ ಪಟ್ಟಿಯಲ್ಲಿ ಇದೆಯಾ ನೋಡಬೇಕು, ಆಮೇಲೆ ತಮ್ಮ ಕ್ಷೇತ್ರದ ಶಾಸಕರ ಬಾಗಿಲು ತಟ್ಟಬೇಕು.

ಕೆಂಟಕಿಯಲ್ಲಿ ಗವರ್ನರ್ ಆಂಡಿ ಬಿಷಿಯರ್ 2019ರ ಡಿಸೆಂಬರಿನಲ್ಲಿ ಹಿಂಸೆಯಿಲ್ಲದ ಅಪರಾಧದವರಿಗೆ ಒಂದೇ ಆದೇಶದಲ್ಲಿ ಹಕ್ಕು ಕೊಟ್ಟರು. ಅಯೋವಾದಲ್ಲಿ ಕಿಮ್ ರೆನಾಲ್ಡ್ಸ್ 2020ರ ಆಗಸ್ಟಿನಲ್ಲಿ, ಕೊಲೆ ಅಪರಾಧದವರನ್ನು ಬಿಟ್ಟು, ಅದನ್ನೇ ಮಾಡಿದರು. ಆದೇಶದ ಮೇಲೆ ನಿಂತ ಹಕ್ಕು ಇವು. ಮುಂದಿನ ಗವರ್ನರ್ ಬದಲಾಯಿಸಬಹುದು. ವರ್ಜೀನಿಯಾದವರು ಇದನ್ನು ಕಂಡಿದ್ದಾರೆ: 2016ರಲ್ಲಿ ಗವರ್ನರ್ ಎಲ್ಲರಿಗೂ ಒಟ್ಟಿಗೆ ಕೊಟ್ಟಿದ್ದನ್ನು ರಾಜ್ಯದ ಸುಪ್ರೀಂ ಕೋರ್ಟ್ ತಡೆಯಿತು, ಅವರು ಒಬ್ಬೊಬ್ಬರಿಗೇ ಸಹಿ ಹಾಕುತ್ತಾ ಕೂತರು. ಆಮೇಲೆ ಬಂದ ಇನ್ನೊಬ್ಬ ಗವರ್ನರ್ 2023ರಲ್ಲಿ ಪ್ರತಿಯೊಬ್ಬರೂ ಅರ್ಜಿ ಹಾಕಿ ಎಂದರು.

ಅರಿಜೋನಾದಲ್ಲಿ ಮೊದಲನೇ ಫೆಲನಿ ಆದರೆ ಶಿಕ್ಷೆ ಮುಗಿಸಿ ನಷ್ಟ ಪರಿಹಾರ ಕಟ್ಟಿದಾಗ ಹಕ್ಕು ತಾನಾಗಿ ಬರುತ್ತದೆ. ಎರಡು ಅಥವಾ ಜಾಸ್ತಿ ಆದರೆ ಕೋರ್ಟಿಗೆ ಅರ್ಜಿ.

ನಾಲ್ಕನೇ ಹೆಜ್ಜೆ: ಬಾಯಿಮಾತು ಬೇಡ, ಬರವಣಿಗೆ ತಗೊಳ್ಳಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಮತದಾರರ ನೋಂದಣಿ ಫಾರಂಗೆ ಸಹಿ ಹಾಕುವುದೆಂದರೆ ಪ್ರಮಾಣ ಮಾಡಿದ ಹಾಗೆ. ಫ್ಲೋರಿಡಾದ ಫಾರಂನಲ್ಲಿ "ನಾನು ಫೆಲನಿ ಶಿಕ್ಷೆ ಆದವನಲ್ಲ, ಆಗಿದ್ದರೆ ನನ್ನ ಹಕ್ಕು ವಾಪಸ್ ಬಂದಿದೆ" ಎನ್ನುವ ಸಾಲಿಗೆ ಗುರುತು ಹಾಕಬೇಕು. ವಾಪಸ್ ಬಂದಿದೆಯೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳಬೇಕಾದವರು ಸರ್ಕಾರ ಅಲ್ಲ, ನೀವು. ತಪ್ಪಿದರೆ ಮತ್ತೊಂದು ಕೇಸ್.

2022ರ ಆಗಸ್ಟಿನಲ್ಲಿ ಫ್ಲೋರಿಡಾ ಸರ್ಕಾರ 20 ಜನರ ಮೇಲೆ ಅಕ್ರಮ ಮತದಾನದ ಕೇಸ್ ಹಾಕಿತು. ಅವರಲ್ಲಿ ಹಲವರ ಕೈಯಲ್ಲಿ ಸರ್ಕಾರವೇ ಕಳಿಸಿದ ಮತದಾರರ ಕಾರ್ಡ್ ಇತ್ತು. "ಕಾರ್ಡ್ ಬಂದಿದೆ, ಅಂದರೆ ಸರಿ ಇದೆ" ಎಂದು ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ಟೆನೆಸೀಯ ಮೆಂಫಿಸ್‌ನಲ್ಲಿ ಪಮೇಲಾ ಮೋಸೆಸ್ ಅವರದ್ದು ಇನ್ನೊಂದು ಕಥೆ. ಪ್ರೊಬೇಷನ್ ಮುಗಿದಿದೆ ಎಂದು ಅಧಿಕಾರಿಯೇ ಸಹಿ ಮಾಡಿಕೊಟ್ಟ ಕಾಗದ ತಂದು ಕೊಟ್ಟಿದ್ದರು. ಅಧಿಕಾರಿ ತಪ್ಪು ಮಾಡಿದ್ದರು. 2022ರ ಜನವರಿಯಲ್ಲಿ ಆಕೆಗೆ ಆರು ವರ್ಷ ಒಂದು ದಿನ ಶಿಕ್ಷೆ ಆಯಿತು. ಆಮೇಲೆ ಮರುವಿಚಾರಣೆಗೆ ಆದೇಶವಾಗಿ, ಏಪ್ರಿಲ್‌ನಲ್ಲಿ ಕೇಸೇ ಕೈಬಿಟ್ಟರು.

ಹಾಗಾಗಿ ಮೂರು ಕಡೆ ಬರವಣಿಗೆ ಕೇಳಿ. ಪ್ರೊಬೇಷನ್ ಅಥವಾ ಪರೋಲ್ ಕಚೇರಿಯಿಂದ ಶಿಕ್ಷೆ ಮುಗಿದ ಪತ್ರ, ದಿನಾಂಕದ ಜೊತೆ. ಕ್ಲರ್ಕ್ ಕಚೇರಿಯಿಂದ ದುಡ್ಡು ತೀರಿದ ಪತ್ರ. ಆಮೇಲೆ ಚುನಾವಣಾ ವಿಭಾಗದಿಂದ ಅಭಿಪ್ರಾಯ. ಫ್ಲೋರಿಡಾದಲ್ಲಿ ರಾಜ್ಯದ ಚುನಾವಣಾ ವಿಭಾಗಕ್ಕೆ ನಿಮ್ಮ ಕೇಸಿನ ವಿವರ ಬರೆದು "ನಾನು ಅರ್ಹನಾ?" ಎಂದು ಸಲಹಾ ಅಭಿಪ್ರಾಯ ಕೇಳಬಹುದು. ಅದನ್ನು ನಂಬಿ ನಡೆದುಕೊಂಡವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಉತ್ತರ ಬರಲು ಸಮಯ ಹಿಡಿಯುತ್ತದೆ, ಚುನಾವಣೆ ಹತ್ತಿರ ಬಂದಾಗ ಕೇಳಬೇಡಿ. ಬೇರೆ ರಾಜ್ಯದವರು ತಮ್ಮ ಕೌಂಟಿಯ ಚುನಾವಣಾ ಕಚೇರಿಗೆ ಇಮೇಲ್‌ನಲ್ಲಿ ಕೇಳಿ. ಫೋನ್ ಮಾಡಿದರೆ ಉತ್ತರ ಗಾಳಿಗೆ ಹೋಗುತ್ತದೆ.

ಕ್ಯಾಂಪೇನ್ ಲೀಗಲ್ ಸೆಂಟರ್ ಎಂಬ ಸಂಸ್ಥೆ "ರಿಸ್ಟೋರ್ ಯುವರ್ ವೋಟ್" ಎನ್ನುವ ತಾಣ ನಡೆಸುತ್ತದೆ. ರಾಜ್ಯ ಆರಿಸಿ ಐದಾರು ಪ್ರಶ್ನೆಗೆ ಉತ್ತರ ಕೊಟ್ಟರೆ ನಿಮ್ಮ ಸ್ಥಿತಿ ಏನು ಎಂದು ಹೇಳುತ್ತದೆ. ಶುರು ಮಾಡಲು ಒಳ್ಳೆಯ ಜಾಗ. ಅಲ್ಲಿಗೇ ನಿಲ್ಲಬೇಡಿ.

ಐದನೇ ಹೆಜ್ಜೆ: ಹೊಸದಾಗಿ ನೋಂದಾಯಿಸಿ

ಹಕ್ಕು ವಾಪಸ್ ಬಂದಿದೆ ಅಂದರೆ ಪಟ್ಟಿಯಲ್ಲಿ ಹೆಸರು ವಾಪಸ್ ಬಂತು ಅಂತಲ್ಲ. ಶಿಕ್ಷೆ ಆದಾಗ ಹಳೇ ಹೆಸರು ತೆಗೆದಿರುತ್ತಾರೆ. ಮೊದಲಿನಿಂದ ನೋಂದಾಯಿಸಬೇಕು. ಫ್ಲೋರಿಡಾದಲ್ಲಿ ಚುನಾವಣೆಗೆ 29 ದಿನ ಮೊದಲು, ಟೆಕ್ಸಸ್‌ನಲ್ಲಿ 30 ದಿನ ಮೊದಲು. ಮಿಷಿಗನ್, ಮಿನೆಸೋಟ, ಕ್ಯಾಲಿಫೋರ್ನಿಯಾದಲ್ಲಿ ಅವತ್ತೇ ಬಂದು ಮಾಡಿಸಿದರೂ ಆಗುತ್ತದೆ. ನಾರ್ತ್ ಡಕೋಟದಲ್ಲಿ ನೋಂದಣಿ ಅನ್ನುವುದೇ ಇಲ್ಲ. ಲೈಸೆನ್ಸ್ ನಂಬರು, ಇಲ್ಲವಾದರೆ ಸೋಷಿಯಲ್ ಸೆಕ್ಯುರಿಟಿಯ ಕೊನೇ ನಾಲ್ಕು ಅಂಕಿ ಇಟ್ಟುಕೊಳ್ಳಿ. ಸ್ವಂತ ಮನೆ ಇಲ್ಲ, ಆಶ್ರಯ ಕೇಂದ್ರದಲ್ಲಿದ್ದೀರಿ ಅಂದರೂ ಮಲಗುವ ಜಾಗವನ್ನೇ ವಿಳಾಸವಾಗಿ ಕೊಡಬಹುದು.

ಎರಡು ವಾರ ಬಿಟ್ಟು ಹೆಸರು ಬಂದಿದೆಯಾ ಎಂದು ಕೌಂಟಿಯ ಪುಟದಲ್ಲಿ ನೋಡಿ.

ಮತದಾನದ ದಿನ

ಕಾಗದದ ಪ್ರತಿ ಜೇಬಿನಲ್ಲಿರಲಿ. ಹೆಸರು ಇಲ್ಲ ಅಂದರೆ ಅಲ್ಲಿನವರು ಪ್ರೊವಿಷನಲ್ ಬ್ಯಾಲೆಟ್ ಕೊಡುತ್ತಾರೆ. ಅರ್ಹತೆ ಆಮೇಲೆ ನೋಡಿ ಎಣಿಸುವ ತಾತ್ಕಾಲಿಕ ಮತ ಅದು. ನಿಮ್ಮ ಅರ್ಹತೆ ಖಚಿತ ಇದ್ದರೆ ಧಾರಾಳವಾಗಿ ಹಾಕಿ. ಅನುಮಾನ ಇದ್ದರೆ ಮಾತ್ರ "ಹಾಕಿಬಿಡೋಣ, ತಪ್ಪಾದರೆ ಅವರೇ ತೆಗೀತಾರೆ" ಅನ್ನಬೇಡಿ.

ಟೆಕ್ಸಸ್‌ನ ಕ್ರಿಸ್ಟಲ್ ಮೇಸನ್ 2016ರಲ್ಲಿ ಹಾಗೇ ಒಂದು ತಾತ್ಕಾಲಿಕ ಮತ ಹಾಕಿದರು. ಫೆಡರಲ್ ಕೇಸಿನ ಜೈಲು ಮುಗಿದು ಸೂಪರ್‌ವೈಸ್ಡ್ ರಿಲೀಸ್‌ನಲ್ಲಿದ್ದರು. ಅದು ವೋಟಿಗೆ ಅಡ್ಡ ಎಂದು ಗೊತ್ತಿರಲಿಲ್ಲ ಎಂದರು. ಲಕೋಟೆಯ ಮೇಲಿನ ಪ್ರಮಾಣಪತ್ರದ ಸಣ್ಣಕ್ಷರದಲ್ಲಿ ಅದು ಬರೆದಿತ್ತು. ಆ ಮತ ಎಣಿಕೆಯೇ ಆಗಲಿಲ್ಲ. ಆದರೂ 2018ರಲ್ಲಿ ಐದು ವರ್ಷ ಶಿಕ್ಷೆ ಹಾಕಿದರು. 2024ರ ಮಾರ್ಚಿನಲ್ಲಿ ಮೇಲ್ಮನವಿ ಕೋರ್ಟ್ ಬಿಡುಗಡೆ ಮಾಡಿತು. ಸರ್ಕಾರಿ ವಕೀಲರು ಅದರ ಮೇಲೂ ಮೇಲಿನ ಕೋರ್ಟಿಗೆ ಹೋದರು. ಲಕೋಟೆಯ ಸಣ್ಣಕ್ಷರ ಓದಲು ಎರಡು ನಿಮಿಷ ಸಾಕು. ಹಿಂದೆ ಸಾಲು ಎಷ್ಟೇ ಉದ್ದ ಇರಲಿ, ಓದಿ.

ಅಕ್ಕನ ಮಗ ಅಕ್ಟೋಬರ್ ಗಡುವಿಗೆ ಮೊದಲೇ ನೋಂದಾಯಿಸಿಕೊಂಡ. ಕಾರ್ಡ್ ಅಂಚೆಯಲ್ಲಿ ಬಂತು. ಅಕ್ಕ ಫೋಟೋ ತೆಗೆದು ನನಗೆ ಕಳಿಸಿದರು, ಕೆಳಗೆ "ಇದೇನಿದು ಸಣ್ಣಕ್ಷರದಲ್ಲಿ?" ಎಂದು ಕೇಳಿದ್ದರು. ದೊಡ್ಡದು ಮಾಡಿ ಓದಿದೆ. ಈ ಕಾರ್ಡ್ ಇದ್ದಮಾತ್ರಕ್ಕೆ ವೋಟು ಹಾಕಲು ಅರ್ಹ ಎಂದು ಅರ್ಥವಲ್ಲ ಅನ್ನುವ ಸಾಲು. 2023ರ ಕಾನೂನಿನಿಂದ ಫ್ಲೋರಿಡಾದ ಪ್ರತಿ ಹೊಸ ಕಾರ್ಡಿನ ಮೇಲೂ ಅದು ಇರುತ್ತದೆ. ಅಕ್ಕ ಈಗ ಆ ಕಾರ್ಡನ್ನೂ ಹತ್ತು ವರ್ಷದ ಹಿಂದಿನ ಕೋರ್ಟ್ ಕಾಗದವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಪಾಸ್‌ಪೋರ್ಟ್ ಇಡುವ ಡ್ರಾಯರಿನಲ್ಲಿ ಇಟ್ಟಿದ್ದಾರೆ.